ಸಿರುಗುಪ್ಪದಲ್ಲಿ ಸಮುದ್ರ ಕಲಸುವ ಸುಂಕಲಮ್ಮ

ಬೆಳಗಿನ ಐದೂ ಕಾಲು. ಸಿರುಗುಪ್ಪದಿಂದ ಹಚ್ಚೊಳ್ಳಿಗೆ ಹೋಗುವ ರಸ್ತೆಯ ಪಕ್ಕ, ಭತ್ತದ ಗದ್ದೆಗಳ ನಡುವೆ ತಗಡಿನ ಸೂರಿನ ಒಂದು ಉದ್ದನೆಯ ಶೆಡ್ಡು. ಒಳಗೆ ಆರು ದುಂಡು ತೊಟ್ಟಿಗಳು. ನಾಲ್ಕನೆಯ ತೊಟ್ಟಿಯ ಮುಂದೆ ನಲವತ್ತಾರು ವರ್ಷದ ಸುಂಕಲಮ್ಮ ನಿಂತಿದ್ದಾರೆ. ಎಡಗೈಯಲ್ಲಿ ಬಿಳಿ ಪಿಂಗಾಣಿ ಬಟ್ಟಲು, ಬಲಗೈಯಲ್ಲಿ ಟಾರ್ಚು. ತೊಟ್ಟಿಗೆ ಹೊದಿಸಿದ ಕರಿ ಹೊದಿಕೆಯನ್ನು ಅವರಿನ್ನೂ ಸರಿಸಿಲ್ಲ. ಸರಿಸಲು ಕೈ ಬರುತ್ತಿಲ್ಲ ಎಂಬುದು ನೋಡಿದರೇ ತಿಳಿಯುತ್ತದೆ.

“ಸ್ವಲ್ಪ ತಡೀರಿ ಸಾರ್. ಎದಿ ಹೊಡ್ಕೊಳ್ಳಾಕತ್ತೈತಿ. ಇವತ್ತು ಮೂರನೇ ದಿನ ಐತಿ” ಎನ್ನುತ್ತಾರೆ.

ಆಮೇಲೆ ಹೊದಿಕೆ ಸರಿಸಿ ಬಟ್ಟಲು ಅದ್ದಿ ಎತ್ತುತ್ತಾರೆ. ಬಟ್ಟಲಿನ ಒಂದು ಅಂಚಿಗೆ ಟಾರ್ಚಿನ ಬೆಳಕು ಹಿಡಿಯುತ್ತಾರೆ. ನನಗೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಕಿರಿದು ಮಾಡಿದ ಮೇಲೆ ಸಾಸಿವೆಗಿಂತ ಸಣ್ಣ, ಗಾಜಿನಂಥ ಮೂವತ್ತು ನಲವತ್ತು ಜೀವಗಳು ಬೆಳಕಿನ ಕಡೆಗೆ ಹೊರಟಿರುವುದು ಕಾಣುತ್ತದೆ. ಬಾಲ ಮುಂದೆ, ತಲೆ ಹಿಂದೆ, ಬೆನ್ನು ಕೆಳಗೆ ಮಾಡಿ ಈಜುತ್ತಿವೆ. ಮೂರು ಮಾತ್ರ ಬಟ್ಟಲಿನ ತಳದಲ್ಲಿ ಅಲ್ಲಾಡದೆ ಬಿದ್ದಿವೆ. ಸುಂಕಲಮ್ಮ ಆ ಮೂರನ್ನೇ ನೋಡುತ್ತಾರೆ. ಎರಡನೇ ತೊಟ್ಟಿಗೆ ಹೋಗಿ ಅಲ್ಲೂ ಬಟ್ಟಲು ಅದ್ದುತ್ತಾರೆ. ಅಲ್ಲಿಯೂ ಎರಡು ತಳದಲ್ಲಿವೆ. ಆಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಜನವರಿಯ ಚಳಿಯಲ್ಲೂ ಅವರ ಹಣೆಯ ಮೇಲೆ ಬೆವರಿತ್ತು.

ಇವು ಸಿಗಡಿ ಮರಿಗಳು. ಆಂಧ್ರದ ಗಡಿ ಹತ್ತಿರವಾದ್ದರಿಂದ ಇಲ್ಲಿನವರ ಬಾಯಲ್ಲಿ ಇವಕ್ಕೆ ತೆಲುಗಿನ ಹೆಸರೇ ನಿಂತಿದೆ, ರೊಯ್ಯ. ಈ ಜಾತಿಯ ಸಿಗಡಿ ಬೆಳೆಯುವುದು ಸಿಹಿನೀರಿನ ಹೊಳೆ, ಕೆರೆಗಳಲ್ಲಿ. ಆದರೆ ಹುಟ್ಟಿದ ಮೊದಲ ಒಂದು ತಿಂಗಳು ಮರಿಗೆ ಉಪ್ಪುನೀರೇ ಬೇಕು. ತಾಯಿ ಬಸುರಾದಾಗ ಹೊಳೆಯ ಜೊತೆ ಇಳಿದು ಸಮುದ್ರದ ಬಾಯಿಗೆ ಹೋಗಿ ಮರಿ ಬಿಡುವುದು ಇದರ ವಾಡಿಕೆ. ಸಿರುಗುಪ್ಪದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಹಾಗಾಗಿ ಸಮುದ್ರವನ್ನೇ ಇಲ್ಲಿ ತಯಾರು ಮಾಡಬೇಕು. ಹನ್ನೊಂದು ವರ್ಷದಿಂದ ಆ ಕೆಲಸ ಮಾಡುತ್ತಿರುವವರು ನಾಲ್ಕನೇ ಇಯತ್ತೆ ಓದಿದ ಈ ಹೆಂಗಸು.

ಕುರುಗೋಡಿನಲ್ಲಿರುವ ತಂಗಿಯ ಮನೆಯಿಂದ ಕತ್ತಲಲ್ಲೇ ಬೈಕು ಹತ್ತಿ ಬಂದವನು ನಾನು. “ಉಪ್ಪುನೀರು ಮಾಡೋದು ಅದೆಂಥ ದೊಡ್ಡ ವಿದ್ಯೆ? ನೀರಿಗೆ ಉಪ್ಪು ಹಾಕಿದರಾಯ್ತಲ್ಲ” ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಬಾಯಿಬಿಟ್ಟು ಅಂದೂಬಿಟ್ಟೆ. ಸುಂಕಲಮ್ಮ ನನ್ನನ್ನು ನೋಡಿದ ನೋಟ ಬಹಳ ದಿನ ನೆನಪಿರುತ್ತದೆ.

“ನಾನೂ ಹಂಗ ತಿಳ್ಕೊಂಡಿದ್ದೆ ಸಾರ್. ಹನ್ನೆರಡು ಲಕ್ಷ ಜೀವ ಹೋದ ಮ್ಯಾಲ ಗೊತ್ತಾತು.”

ಮಾಮೂಲಾಗಿ ಇಲ್ಲಿಗೆ ನೆಲ್ಲೂರು ಕಡೆಯ ಉಪ್ಪಿನ ಗದ್ದೆಗಳಿಂದ ಟ್ಯಾಂಕರಿನಲ್ಲಿ ಗಟ್ಟಿ ಉಪ್ಪುನೀರು ಬರುತ್ತದೆ. ಬಿಸಿಲಿಗೆ ಅರ್ಧ ಇಂಗಿದ ಸಮುದ್ರದ ನೀರು ಅದು. ಅದಕ್ಕೆ ಸಿಹಿನೀರು ಬೆರೆಸಿ ಹದಕ್ಕೆ ತರುತ್ತಾರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು ಮೂವತ್ತೈದು ಗ್ರಾಂ ಉಪ್ಪು. ಮರಿಗೆ ಬೇಕಾದದ್ದು ಹನ್ನೆರಡು. ಬೆರೆಸುವಾಗ ಅವಸರ ಮಾಡುವಂತಿಲ್ಲ. “ಉಪ್ಪುನೀರು ತೂಕ ಜಾಸ್ತಿ, ಸುಮ್ನ ಸುರುವಿದ್ರ ಕೆಳಗ ಹೋಗಿ ಕುಂದರತೈತಿ. ಸಿಹಿನೀರು ಮ್ಯಾಲ ನಿಲ್ಲತೈತಿ. ನಡುವ ಸಿಕ್ಕ ಮರಿ ಎತ್ತಾಗ ಹೋಗಬೇಕು?” ಎಂದು ಕೇಳುತ್ತಾರೆ. ಬೆರೆತಿದೆಯೇ ಎಂದು ನೋಡುವುದಕ್ಕೆ ಅವರ ಸೊಂಟದಲ್ಲಿ ಸದಾ ಒಂದು ಪುಟ್ಟ ಕೊಳವೆ ಇರುತ್ತದೆ. ಅದರ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದು ಇಣುಕಿದರೆ ಉಪ್ಪಿನ ಅಂಕಿ ಕಾಣುತ್ತದೆ. ಕೆಲಸದವರೆಲ್ಲ ಅದನ್ನು ದುರ್ಬೀನು ಅನ್ನುತ್ತಾರೆ.

ದಿನಕ್ಕೆ ಎಂಟು ಸಲ ದುರ್ಬೀನು, ಎಂಟು ಸಲ ಶಾಖದ ಕಡ್ಡಿ, ಐದು ಸಲ ಮರಿಗಳಿಗೆ ತಿಂಡಿ. ನೀರಿನ ಶಾಖ ಇಪ್ಪತ್ತೊಂಬತ್ತಕ್ಕೆ ಇಳಿದರೆ ಕಾಯಿಸಬೇಕು, ಮೂವತ್ತೊಂದಕ್ಕೆ ಏರಿದರೆ ಆರಿಸಬೇಕು. ಒಂದೊಂದು ತೊಟ್ಟಿಗೆ ಐದು ಸಾವಿರ ಲೀಟರ್ ನೀರು, ಎರಡು ಲಕ್ಷ ಮರಿ. ದಿನವೂ ಮೂರನೇ ಒಂದು ಪಾಲು ನೀರು ತೆಗೆದು ಹೊಸದು ಹಾಕಬೇಕು, ಇಲ್ಲದಿದ್ದರೆ ಮರಿಗಳ ಹೊಲಸೇ ಮರಿಗಳಿಗೆ ವಿಷ. ಗಾಳಿ ಊದುವ ಯಂತ್ರ ಒಂದು ಗಳಿಗೆಯೂ ನಿಲ್ಲುವಂತಿಲ್ಲ, ಏಕೆಂದರೆ ಉಪ್ಪುನೀರು ಸಿಹಿನೀರಿನಷ್ಟು ಗಾಳಿ ಹಿಡಿದಿಟ್ಟುಕೊಳ್ಳುವುದಿಲ್ಲ, ಬಿಸಿ ಮಾಡಿದರೆ ಇನ್ನೂ ಕಡಿಮೆ. ನೀರಿನಲ್ಲಿ ಏಳುವ ಗುಳ್ಳೆ ನೋಡಿಯೇ ಸುಂಕಲಮ್ಮ ಉಪ್ಪಿನ ಹದ ಅಂದಾಜು ಮಾಡುತ್ತಾರೆ. ಸಿಹಿನೀರಲ್ಲಿ ಗುಳ್ಳೆ ದಪ್ಪ, ಉಪ್ಪುನೀರಲ್ಲಿ ಹಾಲಿನ ನೊರೆಯಂತೆ ಸಣ್ಣ. ನಾನು ನೋಡಿದೆ, ನಿಜ.

ಈ ಶೆಡ್ಡಿನ ಮಾಲೀಕರು ಮರಿಬಸಪ್ಪ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವರಲ್ಲ. ಇವರ ಶೆಡ್ಡಿನಲ್ಲಿ ಮಾತ್ರ ಮರಿಗಳ ತಿಂಡಿಗೆಂದು ದಿನಕ್ಕೆ ಅರವತ್ತು ಮೊಟ್ಟೆ ಹಾಲಿನಪುಡಿಯ ಜೊತೆ ಬೇಯುತ್ತವೆ. “ಸಾವ್ಕಾರ್ರು ಮೂಗು ಮುಚ್ಕೊಂಡು ಬರ್ತಾರ, ಮರಿ ಎಣಿಸಿ ಮೂಗು ಬಿಡ್ತಾರ” ಎಂದು ಸುಂಕಲಮ್ಮ ಅವರೆದುರೇ ಅನ್ನುತ್ತಾರೆ, ಅವರೂ ನಗುತ್ತಾರೆ. ಆದರೆ ಈ ಮೂರು ದಿನದಿಂದ ಇಬ್ಬರೂ ನಕ್ಕಿಲ್ಲ. ನೆಲ್ಲೂರಿನ ಕರಾವಳಿಯಲ್ಲಿ ಅಕಾಲದ ಮಳೆ ಬಿದ್ದು ಉಪ್ಪಿನ ಗದ್ದೆಗಳು ಮುಳುಗಿವೆ. ಟ್ಯಾಂಕರ್ ಬರಬೇಕಾದ ದಿನ ದಾಟಿ ಹತ್ತು ದಿನವಾಯಿತು. ಇಲ್ಲಿ ಸಂಗ್ರಹವಿದ್ದ ನೀರು ನಿನ್ನೆ ಬೆಳಿಗ್ಗೆ ತಳ ಕಂಡಿತು.

ಎರಡು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಆ ಕಥೆಯನ್ನು ಸುಂಕಲಮ್ಮ ತಾವಾಗಿ ಹೇಳಲಿಲ್ಲ. ತೊಟ್ಟಿಯ ತಳದ ಹೊಲಸನ್ನು ಕೊಳವೆಯಿಂದ ಎಳೆಯುತ್ತ, ನನ್ನ ಕಡೆ ಮುಖ ಮಾಡದೆ, ಕೇಳಿದ್ದಕ್ಕೆ ಉತ್ತರ ಕೊಟ್ಟರು.

ಹಚ್ಚೊಳ್ಳಿಯಲ್ಲಿ ಅವರ ಗಂಡ ಹುಲುಗಪ್ಪನ ಎರಡು ಎಕರೆ ಇದೆ. ಕಾಲುವೆ ನೀರು ನಿಂತು ನಿಂತು ನೆಲ ಸವುಳಾಗಿದೆ, ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಉಪ್ಪು ಏಳುತ್ತದೆ. ಅಲ್ಲಿನ ಬೋರಿನ ನೀರು ಬಾಯಿಗಿಟ್ಟರೆ ಉಪ್ಪು, ಅದರಲ್ಲಿ ಬೇಳೆ ಬೇಯುವುದಿಲ್ಲ. ಟ್ಯಾಂಕರ್ ಬಾರದೆ ಎಲ್ಲರೂ ತಲೆಮೇಲೆ ಕೈ ಹೊತ್ತು ಕೂತಾಗ ಸುಂಕಲಮ್ಮನಿಗೆ ಆ ಬೋರು ನೆನಪಾಯಿತು. ಸಮುದ್ರಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಉಪ್ಪುನೀರು ನಮ್ಮ ಹೊಲದಲ್ಲೇ ಇದೆಯಲ್ಲ?

“ನಾನ ಹೇಳಿದೆ ಸಾರ್. ಯಾರೂ ನನ್ನ ಕೇಳಿರಲಿಲ್ಲ. ಟ್ರ್ಯಾಕ್ಟರಿನಾಗ ಡ್ರಮ್ ಇಟ್ಕೊಂಡು ತಂದ್ವಿ. ಕಮ್ಮಿ ಬಿದ್ದ ಉಪ್ಪು ಹಾಕಿದ್ವಿ. ದುರ್ಬೀನು ಹನ್ನೆರಡು ಅಂತು. ನಾಲಿಗಿ ಮ್ಯಾಲ ಇಟ್ಟೆ, ಸರಿ ಅಂತು. ಒಂದು ತೊಟ್ಟಿಗೆ ಹಾಕಿದೆ. ಮೊದಲನೇ ದಿನ ಚಂದ ಈಜಿದ್ವು. ಎರಡನೇ ದಿನಾನೂ ಈಜಿದ್ವು. ನನಗ ಸೊಕ್ಕು ಬಂತು. ‘ಎಲ್ಲಾದಕ್ಕೂ ತುಂಬ್ರಿ’ ಅಂದೆ.”

ಮೂರನೇ ದಿನ ಮಧ್ಯಾಹ್ನ ಮರಿಗಳು ಪೊರೆ ಬಿಡುವ ಹೊತ್ತು. ಸಿಗಡಿ ಮರಿ ದೊಡ್ಡದಾಗಬೇಕಾದರೆ ಹಳೆಯ ಚಿಪ್ಪು ಕಳಚಿ ಹೊಸದು ಕಟ್ಟಿಕೊಳ್ಳಬೇಕು, ಅದಕ್ಕೆ ಬೇಕಾದ ಸರಕು ನೀರಿನಿಂದಲೇ ಬರಬೇಕು. ಆ ನೀರಿನಲ್ಲಿ ಅದು ಇರಲಿಲ್ಲ. ನಾಲ್ಕು ಗಂಟೆಗೆ ಬಟ್ಟಲು ಎತ್ತಿದರೆ ಮರಿಗಳು ಅರ್ಧ ಪೊರೆಯಿಂದ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಂಡು ಬಿದ್ದಿದ್ದವು. ಮರುದಿನ ಸಂಜೆಯ ಹೊತ್ತಿಗೆ ಆರೂ ತೊಟ್ಟಿ ಖಾಲಿ. ಸತ್ತ ಮರಿಗಳನ್ನು ಬಕೆಟಿನಲ್ಲಿ ಹೊತ್ತು ಗುಂಡಿಗೆ ಹಾಕಿ ಸುಣ್ಣ ಮುಚ್ಚಿದವರೂ ಸುಂಕಲಮ್ಮನೇ. “ಉಪ್ಪು ತಿಂದಾಕಿ ನೀರು ಕುಡೀಬೇಕಲ್ರಿ. ಬ್ಯಾರೆಯವರ ಕೈಲಿ ಹ್ಯಾಂಗ ಎತ್ತಸಲಿ?”

ಆಮೇಲೆ ಅವರು ಹಚ್ಚೊಳ್ಳಿಗೆ ಹೋಗಿ ಕೂತುಬಿಟ್ಟರು. ಒಂಬತ್ತನೇ ದಿನ ಮರಿಬಸಪ್ಪನವರೇ ಬಾಗಿಲಿಗೆ ಬಂದರು. ಬೈಯಲಿಲ್ಲ. “ತಪ್ಪು ಹೆಂಗಾತು ಅಂತ ತಿಳ್ಕೊಂಡಾಕಿ ನೀ ಒಬ್ಬಾಕಿನ ಅದಿ. ಹೊಸಬರನ್ನ ತಂದ್ರ ಅವರು ಮತ್ತ ಮೊದಲಿಂದ ತಪ್ಪು ಮಾಡ್ತಾರ. ನಡಿ” ಎಂದರಂತೆ.

ಮೀನುಗಾರಿಕೆ ಓದಿ ಬಳ್ಳಾರಿಯಲ್ಲಿ ನೀರಿನ ಪರೀಕ್ಷೆಯ ಕೆಲಸ ಮಾಡುವ ಜಯಶ್ರೀ ತಿಂಗಳಿಗೊಮ್ಮೆ ಇಲ್ಲಿಗೆ ಬರುತ್ತಾರೆ. ಬೋರಿನ ನೀರನ್ನು ಪರೀಕ್ಷಿಸಿ ಸುಂಕಲಮ್ಮನಿಗೆ ವಿವರಿಸಿದವರು ಅವರು. “ಸುಂಕಲಕ್ಕ, ಸಾರಿಗೆ ಉಪ್ಪು ಸರಿ ಇದ್ದು ಹುಣಸಿ, ಖಾರ, ಬ್ಯಾಳಿ ಇಲ್ಲಂದ್ರ ಅದು ಸಾರಾಗತೈತೇನು? ದುರ್ಬೀನು ಉಪ್ಪು ಎಷ್ಟು ಅಂತ ಹೇಳತೈತಿ, ಯಾವ ಉಪ್ಪು ಅಂತ ಹೇಳಂಗಿಲ್ಲ” ಎಂದರಂತೆ. ಸವುಳು ನೀರಲ್ಲಿ ಸೋಡಿಯಂ ತುಂಬಿ ತುಳುಕುತ್ತದೆ, ಪೊಟ್ಯಾಷಿಯಂ ಇಲ್ಲವೇ ಇಲ್ಲ ಎನ್ನಬೇಕು, ಮೆಗ್ನೀಶಿಯಂ ಕಡಿಮೆ. ಸಮುದ್ರದಲ್ಲಿ ಹಾಗಲ್ಲ. ಉಪ್ಪು ಒಂದು ಕಡೆ ಹೆಚ್ಚಿರಲಿ, ಒಂದು ಕಡೆ ಕಡಿಮೆಯಿರಲಿ, ಯಾವ ಸಮುದ್ರದಿಂದ ಬೊಗಸೆ ಎತ್ತಿದರೂ ಅದರಲ್ಲಿ ಈ ಲವಣಗಳ ಒಂದಕ್ಕೊಂದರ ಪಾಲು ಹೆಚ್ಚುಕಡಿಮೆ ಒಂದೇ.

ಮರುವರ್ಷ ಮರಿಬಸಪ್ಪ ಇವರನ್ನು ಟ್ಯಾಂಕರಿನ ಜೊತೆ ನೆಲ್ಲೂರಿಗೆ ಕಳಿಸಿದರು. ಸಮುದ್ರ ನೋಡಿ ಏನನ್ನಿಸಿತು ಎಂದು ಕೇಳಿದೆ. ಅಲೆ, ಆಕಾಶ ಎಂದೆಲ್ಲ ಹೇಳಿಯಾರು ಎಂದು ಪೆನ್ನು ಹಿಡಿದು ಕೂತಿದ್ದೆ.

“ಮೂರು ಕಡೆ ದುರ್ಬೀನು ಇಟ್ಟೆ ಸಾರ್. ಮೂರೂ ಕಡೆ ಮೂವತ್ನಾಲ್ಕು. ಯಾರೂ ಕಲಸಂಗಿಲ್ಲ, ಯಾರೂ ತೂಗಂಗಿಲ್ಲ, ಆದ್ರೂ ತಪ್ಪಂಗಿಲ್ಲ. ನನಗ ಹೊಟ್ಟಿಕಿಚ್ಚಾತು.”

ಈ ಸಲ ಟ್ಯಾಂಕರ್ ಬಾರದಿದ್ದಾಗ ಜಯಶ್ರೀ ಬರೆದುಕೊಟ್ಟ ಚೀಟಿ ಹೊರಗೆ ಬಂತು. ಸಾವಿರ ಲೀಟರ್ ಸಿಹಿನೀರಿಗೆ ಅಯೋಡಿನ್ ಇಲ್ಲದ ಹರಳುಪ್ಪು ಎಂಟು ಕಿಲೋ ಚಿಲ್ಲರೆ. ಗೊಬ್ಬರದಂಗಡಿಯಲ್ಲಿ ಸಿಗುವ ಮೆಗ್ನೀಶಿಯಂ ಸಲ್ಫೇಟ್ ಎರಡೂ ಕಾಲು ಕಿಲೋ, ಮೆಗ್ನೀಶಿಯಂ ಕ್ಲೋರೈಡ್ ಎರಡಕ್ಕೆ ಸ್ವಲ್ಪ ಕಡಿಮೆ, ಕ್ಯಾಲ್ಸಿಯಂ ಕ್ಲೋರೈಡ್ ಅರ್ಧ, ಶುದ್ಧ ಪೊಟ್ಯಾಷ್ ಕಾಲು ಕಿಲೋ, ಜೊತೆಗೆ ಒಂದು ಹಿಡಿ ಅಡಿಗೆ ಸೋಡಾ. ಎಲ್ಲವನ್ನೂ ಒಟ್ಟಿಗೆ ಸುರಿದರೆ ನೀರು ಹಾಲಿನಂತೆ ಬೆಳ್ಳಗಾಗಿ ಕೆಟ್ಟುಹೋಗುತ್ತದೆ. ಅದಕ್ಕೇ ಒಂದೊಂದನ್ನೂ ಬೇರೆ ಬಕೆಟಿನಲ್ಲಿ ಕರಗಿಸುತ್ತಾರೆ, ಕ್ಯಾಲ್ಸಿಯಂ ಕೊನೆಗೆ. ಬರಿಗೈ ಬಕೆಟಿಗೆ ಹೊರಗಿನಿಂದ ತಾಗಿಸಿ ನೋಡುತ್ತಾರೆ. “ಕ್ಯಾಲ್ಸಿಯಂ ಕರಗಿದ್ರ ಬಕೀಟು ಸುಡತೈತಿ. ಆ ಗೊಬ್ಬರದಂಗಡಿ ಮೆಗ್ನೀಶಿಯಂ ಐತಲ್ಲ, ಅದು ತಣ್ಣಗಾಗತೈತಿ. ಚೀಲದ ಮ್ಯಾಲ ಏನಾರ ಬರದಿರಲಿ, ನನಗ ಕೈಯಾಗ ಗೊತ್ತಾಗಬೇಕು” ಎನ್ನುತ್ತಾರೆ.

ಮೂರು ದಿನದಿಂದ ಆ ನೀರು ನಾಲ್ಕನೇ ತೊಟ್ಟಿಗೆ ಮಾತ್ರ ಹೋಗುತ್ತಿದೆ, ಉಳಿದ ಐದರಲ್ಲಿ ಹಳೆಯ ನೀರೇ ಇದೆ. ಇವತ್ತಿನ ಪಾಲೂ ಬೆಳಿಗ್ಗೆಯೇ ಬಿದ್ದು, ತೊಟ್ಟಿಯಲ್ಲೀಗ ಅರ್ಧಕ್ಕಿಂತ ಹೆಚ್ಚು ಸುಂಕಲಮ್ಮ ಕಲಸಿದ ನೀರು.

ಎಂಟೂವರೆಗೆ ಮರಿಬಸಪ್ಪ ಬರುತ್ತಾರೆ. ಬಂದವರೇ ಬಟ್ಟಲು ಎತ್ತಿಸಿ ನೋಡುತ್ತಾರೆ. ಮರಿಗಳು ಚೆನ್ನಾಗಿ ಈಜುತ್ತಿವೆ. “ಫೋನ್ ಬಂತು, ಟ್ಯಾಂಕರ್ ಇನ್ನೂ ನಾಕು ದಿನ ಅಂತ. ಇವು ಬದಕ್ಯಾವಲ್ಲ, ಉಳಿದ ಐದಕ್ಕೂ ಇದನ್ನ ತುಂಬು” ಎನ್ನುತ್ತಾರೆ.

ಸುಂಕಲಮ್ಮ ಬಟ್ಟಲು ಕೆಳಗಿಡುತ್ತಾರೆ. “ಬ್ಯಾಡ್ರಿ ಸಾವ್ಕಾರ್ರ. ಹೊತ್ತು ಮುಳುಗೂತನ ಒಂದು ಚೊಂಬೂ ಹಾಕಂಗಿಲ್ಲ.”

“ನಿನ್ನೆಯಿಂದ ಆ ಐದಕ್ಕೆ ನೀರು ಬದಲಿ ಆಗಿಲ್ಲ. ಹೊಲಸಿನಾಗ ಸಾಯ್ತಾವ.”

“ಗೊತ್ತೈತಿ.”

“ಮತ್ತ?”

“ಆವತ್ತೂ ಎರಡು ದಿನ ಈಜಿದ್ವು.”

ಸುಂಕಲಮ್ಮ ತಿಂಡಿಯನ್ನು ಅರ್ಧಕ್ಕಿಳಿಸುತ್ತಾರೆ, ಐದೂ ತೊಟ್ಟಿಗಳ ತಳವನ್ನು ಮತ್ತೊಮ್ಮೆ ಎಳೆದು ತೆಗೆಯುತ್ತಾರೆ, ಗಾಳಿ ಹೆಚ್ಚು ಮಾಡುತ್ತಾರೆ. ಮಾಡುವುದಕ್ಕೆ ಬೇರೇನೂ ಇಲ್ಲ. ಹನ್ನೊಂದಕ್ಕೆ ಹೊರಡಬೇಕೆಂದಿದ್ದ ನಾನು ಹೊರಡಲಾರದೆ ಅಲ್ಲೇ ಕೂತೆ. ಎರಡು ಲಕ್ಷ ಸಾಸಿವೆಕಾಳಿನಂಥ ಜೀವಗಳಿಗಾಗಿ ನನಗೂ ಭಯ ಹತ್ತಿತ್ತು, ಅದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಎರಡು ಗಂಟೆಗೆ ಒಂದನೇ ತೊಟ್ಟಿ ಕೈಕೊಡುತ್ತದೆ. ಬಟ್ಟಲಿನ ಮರಿಗಳು ಬೆಳಕಿನ ಕಡೆ ಬರುತ್ತವೆ, ಆದರೆ ನಿಧಾನ. ಹತ್ತಕ್ಕೂ ಹೆಚ್ಚು ತಳದಲ್ಲಿವೆ. ಮರಿಬಸಪ್ಪನವರ ಧ್ವನಿ ಈಗ ಅಪ್ಪಣೆಯ ಧ್ವನಿಯಲ್ಲ. “ಸುಂಕಲಮ್ಮ, ಇದೊಂದಕ್ಕಾದ್ರೂ ಹಾಕವಾ. ಕಣ್ಣೆದುರಿಗೆ ಹೊಂಟಾವ.”

ಕಲಸಿದ ನೀರು ಪಕ್ಕದ ಡ್ರಮ್ಮಿನಲ್ಲೇ ಇದೆ. ಸುಂಕಲಮ್ಮನ ಕೈ ಡ್ರಮ್ಮಿನ ಅಂಚಿನ ಮೇಲಿದೆ. ಹಾಕದಿದ್ದರೆ ಈ ತೊಟ್ಟಿಯ ಸಾವು ಇವರ ಕೊರಳಿಗೆ, ಹಾಕಿ ನೀರು ತಪ್ಪಾಗಿದ್ದರೆ ಅದೂ ಇವರ ಕೊರಳಿಗೆ. ಅವರು ಕೈ ತೆಗೆದು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ.

“ಇವು ಸತ್ರ ಒಂದು ತೊಟ್ಟಿ ಸಾಯ್ತಾವ. ಇದಕ್ಕ ಹಾಕಿದ್ರ ಉಳಿದಾವಕ್ಕೂ ಹಾಕ್ತೀವಿ, ನಾ ಮತ್ತ ತಪ್ಪಿದ್ರ ಒಂದೂ ಉಳಿಯಂಗಿಲ್ಲ. ನಾಕು ಗಂಟಿಗೆ ಪೊರಿ ಹೆಂಗ ಬಿಡ್ತಾವ ನೋಡೂಣ್ರಿ. ಕೈ ಮುಗಿತೀನಿ.”

ಆ ಎರಡು ತಾಸು ಮರಿಬಸಪ್ಪ ಬಾಗಿಲಲ್ಲಿ ಕೂತು ಗದ್ದೆ ನೋಡುತ್ತಾರೆ. ಸುಂಕಲಮ್ಮ ಒಂದನೇ ತೊಟ್ಟಿಗೂ ನಾಲ್ಕನೇ ತೊಟ್ಟಿಗೂ ನಡುವೆ ಓಡಾಡುತ್ತಾರೆ. ಬೆಳಿಗ್ಗೆಯಿಂದ ಒಂದು ತುತ್ತೂ ಬಾಯಿಗೆ ಹೋಗಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನಾಲ್ಕನೇ ತೊಟ್ಟಿಯ ಬಟ್ಟಲಲ್ಲಿ ಮೊದಲ ಪೊರೆ ಸಿಗುತ್ತದೆ. ಮೆಣಸಿನಕಾಯಿ ಬೀಜದ ಸಿಪ್ಪೆಯಷ್ಟು ತೆಳುವಾದ, ಪೂರ್ತಿ ಖಾಲಿಯಾದ ಪೊರೆ. ಸುಂಕಲಮ್ಮ ಅದನ್ನು ಸೂಜಿಯ ಮೊನೆಯಲ್ಲಿ ತಿರುಗಿಸಿ ನೋಡುತ್ತಾರೆ. ಒಳಗೆ ಯಾರೂ ಸಿಕ್ಕಿಕೊಂಡಿಲ್ಲ. ಮತ್ತೆ ಅದ್ದುತ್ತಾರೆ. ಏಳು ಪೊರೆ, ಏಳೂ ಖಾಲಿ. ಐದು ಗಂಟೆಗೆ ಎಣಿಸುವುದನ್ನೇ ಬಿಡುತ್ತಾರೆ. ಮರಿಗಳು ಬಟ್ಟಲಿನ ಬೆಳಕಿನಂಚಿಗೆ ಬಂದು ಮುತ್ತುತ್ತಿವೆ.

ಪೊರೆ ಬಿಟ್ಟ ಮರಿಗಳು ಉಳಿಯುತ್ತವೆಯೇ ಎಂದು ಸುಂಕಲಮ್ಮ ಹೊತ್ತು ಮುಳುಗುವವರೆಗೂ ಕಾದೇ ಕಾದರು. ಆಮೇಲೆ ಡ್ರಮ್ಮಿನ ನಲ್ಲಿ ತಿರುಗಿಸಿದರು, ಮೊದಲು ಒಂದನೇ ತೊಟ್ಟಿಗೆ, ನೂಲಿನಷ್ಟು ಸಣ್ಣ ಧಾರೆಯಲ್ಲಿ. ಅಲ್ಲಿ ನಾಲ್ಕರಲ್ಲೊಂದು ಪಾಲು ಮರಿ ಹೋಗಿತ್ತು. ಉಳಿದವು ಒಂದು ತಾಸಿನಲ್ಲಿ ಚುರುಕಾದವು. ಮರಿಬಸಪ್ಪ ತಾವೇ ಉಪ್ಪಿನ ಚೀಲ ಎತ್ತಿ ತಕ್ಕಡಿಯ ಹತ್ತಿರ ತಂದಿಟ್ಟರು. ಸುಂಕಲಮ್ಮ ಗೋಡೆಗೊರಗಿ ಕೂತು, ಆರಿದ ಜೋಳದ ರೊಟ್ಟಿ ಮುರಿದರು.

“ಇನ್ನು ಭಯ ಹೋಯ್ತಲ್ಲ ಅಕ್ಕಾರ” ಎಂದೆ, ನನ್ನದೇ ಭಯ ಇಳಿದ ಖುಷಿಯಲ್ಲಿ.

ಅವರು ತುತ್ತು ನುಂಗಿ, ಒಂದನೇ ತೊಟ್ಟಿಯ ಕಡೆ ನೋಡಿದರು.

“ಹೋಗಬಾರ್ದು ಸಾರ್, ಅದೊಂದು ಇರಲಿ ನನಗ. ಆವತ್ತು ನಾ ಅಂಜಿರಲಿಲ್ಲ, ಒಂದೂ ಉಳೀಲಿಲ್ಲ. ಇವತ್ತು ಅಂಜಿದ್ನೆಲ್ರಿ, ಅದಕ್ಕ ಉಳದಾವ.”